ಅಜ್ಜಿಯರ ಸಭೆಗೆ ಕರೆಯದ ಅಜ್ಜಿಯರು

ಸಭೆ ಅಜ್ಜಿಯರದ್ದಂತೆ, ಕರೆದದ್ದು ನನ್ನ ಸೊಸೆಯನ್ನು. ಈಗ ನೆನೆದರೆ ನಗು ಬರುತ್ತದೆ. ಆವತ್ತು ಮಾತ್ರ ನನ್ನ ಮೈಯೆಲ್ಲ ಉರಿದು ಹೋಗಿತ್ತು. ಅದನ್ನು ಮುಚ್ಚಿಟ್ಟುಕೊಂಡು ನಯವಾಗಿ ಹೇಳುವ ಜಾಯಮಾನ ನನ್ನದಲ್ಲ.

ನಾನು ಗುಡ್ಡಮ್ಮ. ಬೇಗಾರಿನಿಂದ ಒಳಗೆ, ತೋಟದ ಕೆಲಸಕ್ಕೆ ಹೋಗುವವರ ಮನೆಗಳೇ ಇರುವ ನಮ್ಮ ಕೇರಿಯಲ್ಲಿ ಒಂದು ಕಾಲಕ್ಕೆ ನನ್ನನ್ನು ಕೇಳದೆ ಯಾವ ಬಾಣಂತಿಗೂ ನೀರು ಕಾಯುತ್ತಿರಲಿಲ್ಲ. ಕೇರಿಯ ಅರ್ಧ ಜನ ಭೂಮಿಗೆ ಬಂದದ್ದೇ ನನ್ನ ಕೈ ಮೇಲೆ. ಆಮೇಲಾಮೇಲೆ ಎಲ್ಲರೂ ಹೆರಿಗೆಗೆ ಶೃಂಗೇರಿ ಆಸ್ಪತ್ರೆಗೆ ಹೋಗತೊಡಗಿದರು. ನನಗೆ ಬೇಸರವಾಗಲಿಲ್ಲ, ಸಮಾಧಾನವೇ ಆಯಿತು. ಯಾಕೆಂದರೆ ನನ್ನ ಸ್ವಂತ ಮಗಳು ಮಗು ಹೆತ್ತು, ಅದರ ಮುಖ ನೋಡಿ, ರಕ್ತ ಹೋಗಿ ಹೋಗಿ ತೀರಿಕೊಂಡವಳು. ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಗುವೇ ಮಲ್ಲಿಕಾ.

ಮಲ್ಲಿಕಾಳನ್ನು ಸಾಕಿದವಳು ನಾನು. ಹೈಸ್ಕೂಲಿನವರೆಗೆ ಓದಿಸಿ, ಗದ್ದೆಯ ಆಚೆ ಬದಿಯಲ್ಲೇ ಇರುವ ಮನೆಗೆ ಮದುವೆ ಮಾಡಿ ಕೊಟ್ಟೆ. ಹುಡುಗ ಹರೀಶ ಜೀಪು ಓಡಿಸುತ್ತಾನೆ, ಬಂಗಾರದಂಥ ಹುಡುಗ. ತಾಪತ್ರಯವೆಲ್ಲ ಅವನ ಅಜ್ಜಿಯದು. ಅವಳ ಹೆಸರು ಚಿಕ್ಕಕ್ಕ. ಹೆಸರಷ್ಟೇ ಚಿಕ್ಕದು. ಆ ಮನೆಯಲ್ಲಿ ಒಲೆಗೆ ಒಂದು ಕಟ್ಟಿಗೆ ಹಾಕಬೇಕಾದರೂ ಅವಳು ತಲೆಯಾಡಿಸಬೇಕು. ಗಂಡ ಸುಬ್ಬಪ್ಪ, ಮಗ ಮಹೇಶ್ವರ, ಸೊಸೆ, ಮೊಮ್ಮಗ, ಎಲ್ಲರೂ ಅವಳ ಹುಬ್ಬು ನೋಡಿಕೊಂಡು ಬದುಕುವವರು.

ಮಲ್ಲಿಕಾ ಆಗ ಏಳು ತಿಂಗಳ ಬಸುರಿ. ಒಂದು ದಿನ ನಾನು ಗದ್ದೆಯ ಅಂಚಿನಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ಹತ್ತಿರ ಬಂದು ಕೂತಳು. ಕೂತವಳಿಗೆ ಉಸಿರು ಹಿಡಿಯಲು ಹೊತ್ತಾಯಿತು.

"ಅಜ್ಜಿ, ನರ್ಸಮ್ಮ ನಂಗೆ ರಕ್ತ ಕಮ್ಮಿ ಇದೆ ಅಂದ್ರು. ಗುಳಿಗೆ ಕೊಟ್ಟಿದ್ರು. ಅಜ್ಜಮ್ಮ ಅದನ್ನ ಅಟ್ಟಕ್ಕೆ ಹಾಕಿದ್ರು" ಅಂದಳು.

"ಎಂತಕ್ಕಂತೆ?"

"ತಿಂದ್ರೆ ಮಗು ದಪ್ಪ ಆಗ್ತದಂತೆ. ಹೆರೋಕ್ಕೆ ಕಷ್ಟ ಆಗ್ತದಂತೆ. ಸೊಪ್ಪೂ ಬೇಡ ಅಂತಾರೆ. ಅನ್ನಾನೂ ಒಂದು ಸೌಟು ಅಷ್ಟೆ."

ನಾನು ಅವಳ ಕೈ ಹಿಡಿದು ಬಿಸಿಲಿಗೆ ತಿರುಗಿಸಿದೆ. ಉಗುರು ಬೆಳ್ಳಗಿತ್ತು. ಅವಳ ಅಮ್ಮನ ಉಗುರೂ ಕೊನೆಗೆ ಹೀಗೇ ಇತ್ತು. ಸೊಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಸೀದಾ ಚಿಕ್ಕಕ್ಕನ ಅಂಗಳಕ್ಕೆ ಹೋದೆ.

ಅವಳು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಎಲೆಯಿಂದ ಕಣ್ಣು ಎತ್ತಲಿಲ್ಲ.

"ನಮ್ಮನೆ ಹುಡುಗಿ ಎಂತ ತಿನ್ಬೇಕು ಅಂತ ನಮಗೆ ಗೊತ್ತಿದೆ ಗುಡ್ಡಮ್ಮ. ಒಂಬತ್ತು ತುಂಬ್ಲಿ, ಶಾಸ್ತ್ರ ಮಾಡಿ ಕಳಿಸ್ತೀವಿ. ಆಮೇಲೆ ನಿನ್ನ ಮನೇಲಿ ಎಂತ ಬೇಕಾದ್ರೂ ತಿನ್ಸು. ಈಗ ಅವಳು ನಮ್ಮವಳು."

ಹೆಣ್ಣು ಕೊಟ್ಟವರ ಬಾಯಿಗೆ ಇದಕ್ಕಿಂತ ದೊಡ್ಡ ಬೀಗ ಬೇರೆ ಇಲ್ಲ. ಹಿಂದಿರುಗಿ ಬರುವಾಗ ದಾರಿಯಲ್ಲಿ ನರ್ಸಮ್ಮ ಸಿಕ್ಕಳು. ಇವತ್ತಿನಿಂದ ಗುಳಿಗೆ ತಗೊಂಡರೆ ಹೆರಿಗೆಯ ಹೊತ್ತಿಗೆ ರಕ್ತ ಸರಿಹೋಗುತ್ತದೆ, ಒಂಬತ್ತು ತುಂಬುವವರೆಗೆ ಕಾದರೆ ತಡವಾಗುತ್ತದೆ ಎಂದಳು. ಆ ಮನೆಗೆ ಅವಳೂ ಹೋಗಿದ್ದಳಂತೆ. ಚಿಕ್ಕಕ್ಕ ಕಾಫಿ ಕೊಟ್ಟು ಕಳಿಸಿದ್ದಳಂತೆ, ಅಷ್ಟೇ.

ಅಂಥ ಹೊತ್ತಿನಲ್ಲಿ ಅಂಗನವಾಡಿಯ ಜಯಂತಿ ಟೀಚರು ನನಗೊಂದು ಸುದ್ದಿ ಹೇಳಿದಳು. ಅವಳು ವರ್ಷಗಟ್ಟಲೆ ತಾಯಂದಿರ ಸಭೆ ಮಾಡಿದವಳು. ಸೊಸೆಯಂದಿರು ಬರುತ್ತಿದ್ದರು, ಹೂಂ ಹೂಂ ಎನ್ನುತ್ತಿದ್ದರು, ಮನೆಗೆ ಹೋಗಿ ಅತ್ತೆ ಹೇಳಿದ್ದನ್ನೇ ಮಾಡುತ್ತಿದ್ದರು. ಕಡೆಗೆ ಆಫೀಸಿನಲ್ಲಿ ಯಾರೋ ಪುಣ್ಯಾತ್ಮರಿಗೆ ಬುದ್ಧಿ ಬಂದು, ಮನೆಯ ಹಿರಿಯರನ್ನು ಕರೆಯಿರಿ, ಅಜ್ಜಿಯರನ್ನು ಕೂರಿಸಿಕೊಂಡು ಮಾತಾಡಿ ಎಂದಿದ್ದರು. ಮುಂದಿನ ಶುಕ್ರವಾರ ಅಂಗನವಾಡಿಯಲ್ಲಿ ಅಜ್ಜಿಯರ ಸಭೆ. ಜೊತೆಗೆ ಕೇರಿಯ ಬಸುರಿಯರಿಗೆ ಮಡಿಲು ತುಂಬುವುದು. ನರ್ಸಮ್ಮನೂ ಬರುತ್ತಾಳೆ.

ಕೇಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕಕ್ಕ ಡಾಕ್ಟರಿಗೆ ಹೆದರುವವಳಲ್ಲ, ಗಂಡನಿಗಂತೂ ಅಲ್ಲ. ಆದರೆ ತನ್ನ ವಾರಿಗೆಯ ನಾಲ್ಕು ಮುದುಕಿಯರು ಸೇರಿ ಏನೆಂದಾರು ಎಂಬುದಕ್ಕೆ ಮಾತ್ರ ಹೆದರುತ್ತಾಳೆ. ಸಭೆಯಲ್ಲಿ ಎಲ್ಲರೆದುರು ಗುಳಿಗೆಯ ಮಾತು ತೆಗೆಯಬೇಕು, ಅವಳು ತಲೆಯಾಡಿಸದೆ ಏಳಬಾರದು ಎಂದು ಲೆಕ್ಕ ಹಾಕಿದೆ. ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು, ಒಗೆದು, ಗಂಜಿ ಹಾಕಿ ಒಣಗಿಸಿದೆ. ಏನೇನು ಹೇಳಬೇಕೆಂದು ಒಲೆಯ ಮುಂದೆ ಕೂತು ಒಬ್ಬಳೇ ಆಡಿಕೊಂಡೆ. ಅಮ್ಮನಿಗೆ ಏನಾಯಿತು ಎಂದು ಮಗ ಹೆದರಿಬಿಟ್ಟ.

ನಮ್ಮ ಕಡೆ ಹಿರಿಯರು ಚೀಟಿ ಅಂಟಿಸಿದ ಮಾತ್ರಕ್ಕೆ ಎಲ್ಲಿಗೂ ಬರುವುದಿಲ್ಲ. ಮನೆ ಬಾಗಿಲಿಗೆ ಬಂದು ಕರೆಯಬೇಕು. ಜಯಂತಿಗೆ ಅದು ಗೊತ್ತಿತ್ತು. ಕುಂಕುಮದ ಭರಣಿ ಹಿಡಿದುಕೊಂಡು ಮನೆ ಮನೆಗೆ ಹೊರಟಳು. ದೂರದಿಂದಲೇ ನೋಡಿದ ನಾನು ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದು ನಿಂತೆ.

"ಗುಡ್ಡಮ್ಮಜ್ಜಿ, ಶುಕ್ರವಾರ ಸಭೆಗೆ..." ಎನ್ನುತ್ತಾ ಅವಳು ಬೆರಳನ್ನು ಭರಣಿಯಲ್ಲಿ ಅದ್ದಿ ನನ್ನ ಹಣೆಯ ಕಡೆ ಎತ್ತಿದಳು. ಎತ್ತಿದ ಬೆರಳು ಅರ್ಧಕ್ಕೇ ನಿಂತಿತು. ನನ್ನ ಹಣೆ ಬರಿದಾಗಿ ಎಷ್ಟೋ ವರ್ಷವಾಗಿತ್ತು. ನನ್ನ ಗಂಡ ಹೋದಾಗ ನಾನು ಇನ್ನೂ ಕಿರಿಯಳು. ಇದು ಜಯಂತಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕೈಯಲ್ಲಿ ಭರಣಿ ಹಿಡಿದ ಮೇಲೆ ಕೈ ತನ್ನ ಅಭ್ಯಾಸದಂತೆ ನಡೆಯಿತು.

ಅವಳ ಮುಖ ಕೆಂಪಾಯಿತು. "ಒಳಗೆ... ಸೊಸೆ ಇದ್ದಾರಾ ಅಜ್ಜಿ?" ಅಂದಳು.

ನನ್ನ ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಅವಳ ಹಣೆಗೆ ಕುಂಕುಮ ಬಿತ್ತು. ಅವಳ ಮಗನಿಗೆ ಇನ್ನೂ ಮೀಸೆ ಚಿಗುರಿಲ್ಲ, ಅವಳಿಗೆ ಅಜ್ಜಿಯರ ಸಭೆ. ಜಯಂತಿ ಹೋದ ಮೇಲೆ ನಾನು ಆ ಗಂಜಿ ಹಾಕಿದ ಸೀರೆಯನ್ನು ಮುದ್ದೆ ಮಾಡಿ ಪೆಟ್ಟಿಗೆಗೆ ಎಸೆದೆ. ಸೊಸೆ ಏನೋ ಸಮಾಧಾನ ಹೇಳಲು ಬಂದಳು, ಅವಳಿಗೂ ಬಯ್ದೆ.

ಮಾರನೆಯ ದಿನ ತೋಟದ ಮನೆಯ ಚಪ್ಪರದಲ್ಲಿ ಅಡಿಕೆ ಸುಲಿಯಲು ಹೋದೆ. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಕೇರಿಯ ವಯಸ್ಸಾದ ಹೆಂಗಸರೆಲ್ಲ ಅಲ್ಲೇ ಮೆಟ್ಟುಗತ್ತಿಯ ಮುಂದೆ ಕೂತಿರುತ್ತೇವೆ. ಕೈ ಅದರ ಪಾಡಿಗೆ ಸುಲಿಯುತ್ತಿದ್ದರೆ ಬಾಯಿ ತನ್ನ ಪಾಡಿಗೆ ಊರು ಸುತ್ತುತ್ತದೆ. ಆವತ್ತು ನನ್ನ ಬಾಯಿ ಸುಮ್ಮನಿತ್ತು. ಪಕ್ಕದಲ್ಲಿ ಕೂತ ಯಲ್ಲಕ್ಕನಿಗೆ ತಡೆಯಲಾಗಲಿಲ್ಲ.

"ಎಂತ ಮಾರಾಯ್ತಿ, ಅಡಿಕೆ ಮೇಲೆ ಎಂತಕ್ಕೆ ಸಿಟ್ಟು? ಕೈ ಕುಯ್ಕೋತಿ."

ಹೇಳಿದೆ. ಹೇಳುತ್ತಾ ಹೋದಂತೆ ಸುತ್ತಲ ಕತ್ತಿಗಳ ಸದ್ದು ಒಂದೊಂದಾಗಿ ನಿಂತಿತು. ಯಲ್ಲಕ್ಕನನ್ನೂ ಕರೆದಿರಲಿಲ್ಲ. ಅವಳಾಚೆ ಕೂತವಳನ್ನೂ ಇಲ್ಲ. ಚಪ್ಪರದಲ್ಲಿದ್ದ ಅಜ್ಜಿಯರೆಲ್ಲ ನನ್ನ ಹಾಗೆ ಗಂಡ ಹೋದವರು. ಒಬ್ಬೊಬ್ಬರ ಮನೆಯಲ್ಲೂ ಭರಣಿ ಹೊಸಿಲಿಗೆ ಬಂದು ಸೊಸೆಯ ಕಡೆ ತಿರುಗಿತ್ತು. ಮನೆಗಳಲ್ಲಿ ಬಸುರಿಯರನ್ನು, ಬಾಣಂತಿಯರನ್ನು, ಮಕ್ಕಳನ್ನು ನೋಡಿಕೊಳ್ಳುವವರೆಲ್ಲ ಅಲ್ಲೇ ಅಡಿಕೆ ಸುಲಿಯುತ್ತಾ ಕೂತಿದ್ದೆವು.

"ಗಂಡ ಬದುಕಿದ್ರೆ ಅಜ್ಜಿ. ಗಂಡ ಸತ್ರೆ ನಾವು ಎಂತ?" ಅಂದೆ.

"ಎಂತ ಅಂದ್ರೆ, ಅಡಿಕೆ ಸುಲಿಯೋರು" ಅಂದಳು ಯಲ್ಲಕ್ಕ. ಎಲ್ಲರೂ ನಕ್ಕರು. ನಕ್ಕು ಮುಗಿಯುವಷ್ಟರಲ್ಲಿ ನನಗೆ ಗೊತ್ತಾಗಿಬಿಟ್ಟಿತು, ಮಾಡಬೇಕಾದದ್ದೇನು ಎಂದು.

"ನಾವು ಹೋಗೋಣ" ಅಂದೆ.

ಯಲ್ಲಕ್ಕ ಕೈಯಲ್ಲಿದ್ದ ಅಡಿಕೆ ಬಿಟ್ಟಳು. "ಕರೀದೆ? ಮಡಿಲು ತುಂಬೋ ಜಾಗಕ್ಕೆ ನಾವು ಹೋದ್ರೆ ಆಡ್ಕೋತಾರೆ ಗುಡ್ಡಮ್ಮ. ನಾಳೆ ಆ ಹುಡುಗೀರಿಗೆ ಎಂತಾದ್ರೂ ಆದ್ರೆ ನಮ್ಮ ತಲೆಗೇ ಬರ್ತದೆ."

ಅವಳು ಹೇಳಿದ್ದು ಸುಳ್ಳಲ್ಲ. ನನಗೂ ಅದೇ ಭಯ ಒಳಗೆ ಕೊರೆಯುತ್ತಿತ್ತು. ಆದರೆ ಮಲ್ಲಿಕಾಳ ಬೆಳ್ಳನೆಯ ಉಗುರು ಕಣ್ಣ ಮುಂದೆ ಬಂತು. "ಮಲ್ಲಿಕಾಗೆ ಈಗ್ಲೇ ಆಗ್ತಾ ಇದೆ ಯಲ್ಲಕ್ಕ. ನಾವು ಹೋಗದೇ ಇದ್ರೆ ಕೈ ಮೀರ್ತದೆ" ಅಂದೆ. ಯಲ್ಲಕ್ಕ ನನ್ನ ಮಗಳನ್ನು ಎತ್ತಿ ಆಡಿಸಿದವಳು. ಬಿಟ್ಟ ಅಡಿಕೆಯನ್ನು ಮತ್ತೆ ಎತ್ತಿಕೊಂಡು, "ಹಂಗಾರೆ ಬರಿಗೈಲಿ ಬೇಡ. ನಮ್ಮನೆ ಹುರುಳಿ ತರ್ತೀನಿ" ಅಂದಳು.

ಶುಕ್ರವಾರ ನಾವು ಹೊರಟ ಚಂದ ನೋಡಬೇಕಿತ್ತು. ಒಬ್ಬಳ ಸೆರಗಿನಲ್ಲಿ ಬೆಲ್ಲ, ಇನ್ನೊಬ್ಬಳದರಲ್ಲಿ ಎಳ್ಳು, ಯಲ್ಲಕ್ಕನದರಲ್ಲಿ ಹುರುಳಿ, ನನ್ನ ಬುಟ್ಟಿಯಲ್ಲಿ ಬಸಳೆ, ನುಗ್ಗೆಸೊಪ್ಪು. ಆ ಮುದ್ದೆಯಾದ ಸೀರೆಯನ್ನೇ ಕೊಡವಿ ಉಟ್ಟಿದ್ದೆ. ಮೊದಮೊದಲು ಎಲ್ಲರೂ ತಲೆ ತಗ್ಗಿಸಿಕೊಂಡು ನಡೆದರು. ಏರು ಹತ್ತುವಾಗ ಯಾರೋ ಏನೋ ಕೀಟಲೆ ಮಾಡಿದರು, ನಗು ಶುರುವಾಯಿತು, ಹುಡುಗಿಯರಾಗಿದ್ದಾಗ ನಾಟಿಗೆ ಹೋಗುತ್ತಿದ್ದ ಗೆಲುವು ಬಂತು. ನನ್ನೊಳಗೆ ಭಯ, ಖುಷಿ ಎರಡೂ ಇತ್ತು.

ಅಂಗನವಾಡಿಯ ಒಳಗೆ ಚಾಪೆ ಹಾಸಿತ್ತು. ಕುಂಕುಮ ಇಟ್ಟುಕೊಂಡ ಸೊಸೆಯಂದಿರು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಅಜ್ಜಿಯರೆಂದು ಕರೆಸಿಕೊಂಡು ಬಂದವರು ಬೆರಳೆಣಿಕೆಯಷ್ಟು. ಎಲ್ಲರಿಗಿಂತ ಮುಂದೆ, ಕಾಸಗಲದ ಕುಂಕುಮ ಇಟ್ಟುಕೊಂಡು ಚಿಕ್ಕಕ್ಕ. ಬಸುರಿಯರ ಸಾಲಿನಲ್ಲಿ ಮಲ್ಲಿಕಾ. ನಾವು ಬಾಗಿಲಲ್ಲಿ ಕಂಡದ್ದೇ ಎಲ್ಲರೂ ಇತ್ತ ತಿರುಗಿದರು. ಜಯಂತಿ ಎದ್ದವಳು ಬನ್ನಿ ಎನ್ನಲೂ ಇಲ್ಲ, ಕೂತುಕೊಳ್ಳಲೂ ಇಲ್ಲ.

"ಅಜ್ಜಿಯರ ಸಭೆ ಅಂತ ಬೋರ್ಡ್ ಹಾಕಿದೀರಿ. ಅಜ್ಜಿಯರು ಬಂದಿದೀವಿ" ಅಂದೆ.

ಹುಡುಗಿ ಒಳ್ಳೆಯವಳು, ಹೇಳಲೇಬೇಕು. ಕಣ್ಣಲ್ಲಿ ನೀರು ತಂದುಕೊಂಡು, "ಬನ್ನಿ ಅಜ್ಜಿ, ಕೂತ್ಕೊಳ್ಳಿ. ತಪ್ಪಾಯ್ತು" ಎಂದು ತಾನೇ ಚಾಪೆ ಬಿಡಿಸಿದಳು. ನಾವು ಕೂತೆವು, ಚಿಕ್ಕಕ್ಕ ಸೀರೆಯ ನೆರಿಗೆ ಎಳೆದುಕೊಂಡು ಆಚೆ ಸರಿದಳು.

ನರ್ಸಮ್ಮ ಗುಳಿಗೆಯ ವಿಷಯ ತೆಗೆದಳು. ಪಾಪ, ಚೆನ್ನಾಗಿಯೇ ಹೇಳಿದಳು. ಚಿಕ್ಕಕ್ಕ ಕೈ ಎತ್ತಿ ಅವಳನ್ನು ಅರ್ಧಕ್ಕೇ ನಿಲ್ಲಿಸಿದಳು.

"ನೀವು ಓದಿದೋರು, ಹೇಳ್ತೀರಿ. ಗುಳಿಗೆ ತಿಂದು ಮಗು ದಪ್ಪ ಆದ್ರೆ ಹೆರೋರು ನೀವಲ್ಲ. ನನ್ನ ಮಹೇಶ್ವರ ದಪ್ಪ ಇದ್ದ. ಅವನನ್ನ ಹೆರುವಾಗ ನಾನು ಸತ್ತು ಬದುಕಿದೀನಿ. ಆ ಪಾಡು ನಮ್ಮ ಹುಡುಗಿಗೆ ಬೇಡ ಅಂತ ನಾನು ಹೇಳ್ತಿರೋದು."

ನಾನು ಅಷ್ಟು ದಿನ ಅವಳನ್ನು ಹಟಮಾರಿ, ಗರ್ವದವಳು ಎಂದು ಬಯ್ದುಕೊಂಡಿದ್ದೆ. ಅವಳಿಗೆ ಇದ್ದದ್ದು ಹೆದರಿಕೆ. ಮಲ್ಲಿಕಾಳ ಮೇಲಿನ ಪ್ರೀತಿಗೇ ಅವಳು ಅನ್ನ ತಡೆದಿದ್ದಳು. ಅದು ತಿಳಿದು ನನ್ನ ಸಿಟ್ಟು ಇಳಿಯಬೇಕಿತ್ತು, ಏರಿತು. ಒಲೆಯ ಮುಂದೆ ಆಡಿಕೊಂಡಿದ್ದ ಮಾತೆಲ್ಲ ಮರೆತು ಎದ್ದು ನಿಂತೆ.

"ಚಿಕ್ಕಕ್ಕ, ಮಹೇಶ್ವರ ಹುಟ್ಟುವಾಗ ಅಲ್ಲಿ ಇದ್ದೋಳು ಯಾರು?"

ಅವಳು ಮುಖ ಆಚೆ ತಿರುಗಿಸಿದಳು.

"ನಾನು ಇದ್ದೆ. ನೀನು ನೋವಲ್ಲಿ ಕಣ್ಣು ಮುಚ್ಕಂಡಿದ್ದೆ, ನಾನು ಕಣ್ಣು ಬಿಟ್ಕಂಡಿದ್ದೆ. ಮಗು ಸಲೀಸಾಗಿ ಬಂತು ಕಣೇ. ನಿನ್ನ ಕಷ್ಟ ಶುರುವಾಗಿದ್ದು ಆಮೇಲೆ. ಮೈಯಲ್ಲಿ ರಕ್ತಾನೇ ಇರ್ಲಿಲ್ಲ ನಿಂಗೆ, ಇದ್ದಿದ್ದೂ ಹರೀತು. ಹೊಟ್ಟೆ ಒತ್ತಿ ಹಿಡ್ಕಂಡು, ಬಾಯಿಗೆ ಬೆಲ್ಲದ ನೀರು ಹಾಕ್ತಾ ಕೂತಿದ್ದೆ. ನೀನು ಉಳ್ದೆ. ನನ್ನ ಮಗಳಿಗೂ ಹಂಗೇ ಮಾಡ್ದೆ, ಅವಳು ಉಳೀಲಿಲ್ಲ. ನಂಗೆ ಗೊತ್ತಿರೋದು ಇಷ್ಟೇ."

ಅಲ್ಲಿಗೇ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ.

"ಆವತ್ತೂ ನನ್ನ ಹಣೆ ಬರಿದೇ ಇತ್ತು ಚಿಕ್ಕಕ್ಕ. ನನ್ನ ಕೈ ಹಿಡ್ಕಂಡು ಬಿಡ್ಬೇಡ ಬಿಡ್ಬೇಡ ಅಂತ ಕೂಗ್ತಿದ್ಯಲ್ಲ, ಆವಾಗ ನನ್ನ ಹಣೆ ನೋಡಿದ್ಯಾ?"

ಹೇಳಿ ಕೂತುಬಿಟ್ಟೆ. ಮೊಮ್ಮಗಳ ಸಂಸಾರಕ್ಕೆ ಕಲ್ಲು ಹಾಕಿದೆನಲ್ಲ ಎಂದುಕೊಂಡೆ. ಯಲ್ಲಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಚಿಕ್ಕಕ್ಕ ನೆಲ ನೋಡುತ್ತಾ ಕೂತಿದ್ದಳು, ಅವಳ ದವಡೆ ಮಾತ್ರ ಎಲೆ ಜಗಿಯುತ್ತಿತ್ತು.

ಜಯಂತಿ ಏನು ಮಾಡಬೇಕೆಂದು ತೋಚದೆ ಮಡಿಲು ತುಂಬುವ ಹರಿವಾಣ ತಂದಿಟ್ಟಳು. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಬಳೆ, ಹೂವು. ಮಲ್ಲಿಕಾಳನ್ನು ಮಣೆಯ ಮೇಲೆ ಕೂರಿಸಿದರು. ಹಿರಿಯ ಮುತ್ತೈದೆಯೆಂದು ಮೊದಲು ಏಳಬೇಕಾದವಳು ಚಿಕ್ಕಕ್ಕನೇ. ಎದ್ದಳು. ಹರಿವಾಣ ಎತ್ತಿಕೊಂಡು ಮಣೆಯ ಹತ್ತಿರ ಹೋದವಳು ಅಲ್ಲೇ ನಿಂತಳು. ಆಮೇಲೆ ತಿರುಗಿ ನನ್ನ ಕಡೆ ನೋಡಿ ಗದರಿದಳು.

"ಎಂತ ನೋಡ್ತಾ ಕೂತಿದೀಯ? ಹರಿವಾಣ ಭಾರ ಇದೆ, ನನ್ನ ಕೈ ನಡುಗ್ತದೆ. ಬಾರೇ, ಈ ಕಡೆ ಹಿಡಿ."

ಅವಳ ಕೈ ನಡುಗಿದ್ದನ್ನು ನಾನು ಈ ಜನ್ಮದಲ್ಲಿ ನೋಡಿದವಳಲ್ಲ. ತೆಂಗಿನಕಾಯಿಯ ಗೋಣಿಯನ್ನು ಒಬ್ಬಳೇ ಹೊರುವ ಹೆಂಗಸು ಅದು. ಆದರೂ ಎದ್ದು ಹೋದೆ. ಹರಿವಾಣದ ಒಂದು ಅಂಚು ಅವಳ ಕೈಯಲ್ಲಿ, ಒಂದು ಅಂಚು ನನ್ನ ಕೈಯಲ್ಲಿ. ಮಲ್ಲಿಕಾ ಸೆರಗು ಹರಡಿದಳು, ಇಬ್ಬರೂ ಸೇರಿ ತುಂಬಿದೆವು. ನನ್ನ ಹಿಂದೆಯೇ ಯಲ್ಲಕ್ಕ ಹುರುಳಿ ತಂದಳು, ಬೆಲ್ಲ ಬಂತು, ಎಳ್ಳು ಬಂತು. ಚಿಕ್ಕಕ್ಕ ಯಾರನ್ನೂ ತಡೆಯಲಿಲ್ಲ. ನನ್ನ ಬುಟ್ಟಿಯ ಸೊಪ್ಪನ್ನು ತಾನೇ ಎತ್ತಿ ಮಲ್ಲಿಕಾಳ ಮಡಿಲಿಗೆ ಹಾಕಿ, ನರ್ಸಮ್ಮನ ಕಡೆ ಕೈ ಚಾಚಿದಳು.

"ಆ ಗುಳಿಗೆ ಕೊಡಿ. ಅಟ್ಟದ ಮೇಲಿಂದು ಇಲಿ ಮುಟ್ಟಿರ್ತದೆ."

ಅಲ್ಲಿಂದ ಮುಂದೆ ನಮ್ಮ ಕೇರಿಗೆ ಹೊಸದೊಂದು ಗದ್ದಲ ಶುರುವಾಯಿತು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಚಿಕ್ಕಕ್ಕ ತನ್ನ ಅಂಗಳದ ತುದಿಗೆ ಬಂದು ನಿಂತು ಗದ್ದೆಯ ಈಚೆಗೆ ಕೇಳುವ ಹಾಗೆ ಕೂಗುತ್ತಿದ್ದಳು, "ಗುಡ್ಡಮ್ಮಾ, ನುಂಗಿದ್ಳು." ನಾನು ಈಚೆಯಿಂದ, "ಸೊಪ್ಪು?" ಎನ್ನುತ್ತಿದ್ದೆ. "ತಿಂದ್ಳು. ನಿನ್ನ ಮೊಮ್ಮಗಳು ಮೂಗು ಮುರೀತಾಳೆ, ಆದ್ರೂ ಬಿಡ್ಲಿಲ್ಲ." ಸುಬ್ಬಪ್ಪ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ. ಕೇರಿಯ ಮಕ್ಕಳು ಆಟದಲ್ಲೂ ಅದನ್ನೇ ಕೂಗತೊಡಗಿದವು. ಜಯಂತಿಯ ಅಜ್ಜಿಯರ ಸಭೆಗೆ ಚಾಪೆ ಸಾಲದಾಯಿತು, ನಾವು ಮನೆಯಿಂದಲೇ ಒಂದೊಂದು ಹಿಡಿದುಕೊಂಡು ಹೋಗುತ್ತಿದ್ದೆವು. ಕರೆಯಲು ಬರುವಾಗ ಅವಳ ಕೈಯಲ್ಲಿ ಈಗ ಭರಣಿ ಇರಲಿಲ್ಲ, ಎಲ್ಲರಿಗೂ ಒಂದೇ ಎಲೆ ಅಡಿಕೆ.

ಒಂಬತ್ತು ತುಂಬಿ ಮಲ್ಲಿಕಾ ನನ್ನ ಮನೆಗೆ ಬಂದಳು. ಅವಳ ಉಗುರಿಗೆ ಬಣ್ಣ ಬಂದಿತ್ತು. ಒಂದು ಬೆಳಿಗ್ಗೆ ನೋವು ಶುರುವಾಯಿತು. ಮೊಬೈಲಿಗೆ ಸಿಗ್ನಲ್ ಸಿಗುವುದು ಮನೆಯ ಹಿಂದಿನ ಬಂಡೆಯ ಮೇಲೆ ಮಾತ್ರ. ಅದಕ್ಕೆ ಯಾರು ಹತ್ತುತ್ತಾರೆ, ನಾನು ಅಂಗಳಕ್ಕೆ ಬಂದು, "ಚಿಕ್ಕಕ್ಕಾ" ಎಂದು ಒಂದು ಕೂಗು ಹಾಕಿದೆ. ಹರೀಶನ ಜೀಪು ನನ್ನ ದನಿ ಆರುವ ಮೊದಲೇ ಚಾಲೂ ಆಯಿತು. ಮುಂದಿನ ಸೀಟಿನಲ್ಲಿ ಹೊಸ ಬಟ್ಟೆಯ ಗಂಟು ಹಿಡಿದುಕೊಂಡು ಚಿಕ್ಕಕ್ಕ ಆಗಲೇ ಕೂತಿದ್ದಳು.

ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಅಕ್ಕಪಕ್ಕ ಕೂತೆವು. ಅವಳು ಎಲೆ ಮಡಿಸಿ ಕೊಟ್ಟಳು, ನಾನು ಬಾಯಿಗೆ ಹಾಕಿಕೊಂಡೆ, ಜಗಿಯಲು ಮರೆತೆ. ಒಳಗಿನ ಸದ್ದಿಗೆಲ್ಲ ಎದ್ದೆದ್ದು ನಿಲ್ಲುತ್ತಿದ್ದೆ. ಅವಳು ಸೆರಗು ಹಿಡಿದು ಕೂರಿಸುತ್ತಿದ್ದಳು. ಬಿಸಿಲು ನೆತ್ತಿಗೆ ಬರುವ ಮುಂಚೆ ಬಾಗಿಲು ತೆರೆಯಿತು.

"ಹೆಣ್ಣು ಮಗು. ತಾಯಿ ಚೆನ್ನಾಗಿದ್ದಾಳೆ, ಮಾತಾಡ್ತಿದ್ದಾಳೆ" ಎಂದಳು ಆಸ್ಪತ್ರೆಯ ಆಯಾ. ಅವಳ ಕಣ್ಣು ನಮ್ಮಿಬ್ಬರ ಹಣೆಗಳ ಮೇಲೆ ಆಡಿತು. ಮಗುವನ್ನು ಚಿಕ್ಕಕ್ಕನ ಕಡೆ ಚಾಚಿದಳು.

ಚಿಕ್ಕಕ್ಕ ಕೈ ಚಾಚಲಿಲ್ಲ. "ಮೊದ್ಲು ಅವಳಿಗೆ ಕೊಡಿ. ಅವಳಿಗೆ ಹಿಡಿದು ಅಭ್ಯಾಸ" ಅಂದಳು.

ಮಗು ನನ್ನ ಕೈಗೆ ಬಂತು. ಅರ್ಧ ಕೇರಿಯನ್ನು ಹಿಡಿದ ಕೈ ಇದು. ಮಗಳು ಹೋದ ದಿನವೂ ಇದೇ ಕೈ ಮಲ್ಲಿಕಾಳನ್ನು ಎತ್ತಿಕೊಂಡು ಗಟ್ಟಿಯಾಗಿ ನಿಂತಿತ್ತು. ಬಾಗಿಲ ಸಂದಿಯಿಂದ ಮಲ್ಲಿಕಾ ಅಜ್ಜೀ ಎಂದದ್ದು ಕೇಳಿಸಿತು. ಎದುರಿಗಿದ್ದದ್ದೆಲ್ಲ ಕಣ್ಣೀರಿನಲ್ಲಿ ಕಲಸಿಹೋಯಿತು.

"ಬಾರೇ ಚಿಕ್ಕಕ್ಕ, ಈ ಕಡೆ ಹಿಡಿ" ಅಂದೆ. "ನನ್ನ ಕೈ ನಡುಗ್ತದೆ."

ನನ್ನದು ನಿಜವಾಗಿಯೂ ನಡುಗುತ್ತಿತ್ತು.